ಸೀಮೆಸುಣ್ಣದ ಗೆರೆಯಾಚೆ

ಹೌರಾ ನಿಲ್ದಾಣ ಬಿಟ್ಟ ಮೇಲೆ ಬೋಲ್‌ಪುರಕ್ಕೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆಯ ದಾರಿ. ಎರಡೂ ಬದಿಗೆ ಗದ್ದೆ, ಕೊಳ, ತಾಳೆಮರ, ಮತ್ತೆ ಗದ್ದೆ. ಮಂಡಕ್ಕಿಗೆ ಸಾಸಿವೆಯೆಣ್ಣೆ, ಹಸಿಮೆಣಸು ಬೆರೆಸಿ ಪೊಟ್ಟಣ ಕಟ್ಟಿಕೊಡುವವನು ಡಬ್ಬಿಯ ಒಂದು ಬಾಗಿಲಿನಿಂದ ಹತ್ತಿದರೆ, ಏಕತಾರಿ ಹಿಡಿದ ಬಾವುಲ ಗಾಯಕನೊಬ್ಬ ಇನ್ನೊಂದು ಬಾಗಿಲಿನಿಂದ ಬಂದ. ಅವನ ಕಾಲಗೆಜ್ಜೆಯನ್ನೂ ತೇಪೆ ಹಾಕಿದ ನಿಲುವಂಗಿಯನ್ನೂ ನನ್ನ ಮಗಳು ಕಣ್ಣು ಕೀಲಿಸಿ ನೋಡುತ್ತಿದ್ದಳು. ಒಂದು ವರ್ಷದ ಹಿಂದೆಯಾಗಿದ್ದರೆ ಅವನು ಮುಂದಿನ ಡಬ್ಬಿಗೆ ದಾಟುವಷ್ಟರಲ್ಲಿ ಅವನ ಚಿತ್ರ ಅವಳ ಪುಸ್ತಕದಲ್ಲಿರುತ್ತಿತ್ತು. ಈಗ ಅವಳ ಬಳಿ ಪುಸ್ತಕವಿರಲಿಲ್ಲ. ಅದಕ್ಕೆ ಕಾರಣ ನಾನು.

ಅದು 2018ರ ಏಪ್ರಿಲ್. ಮಗಳು ಆಗಷ್ಟೇ ಒಂಬತ್ತನೇ ತರಗತಿ ಮುಗಿಸಿದ್ದಳು. ಆ ತರಗತಿಯ ಮೊದಲ ತಿಂಗಳಲ್ಲೇ ಅವಳ ಗಣಿತದ ನೋಟ್‌ಪುಸ್ತಕದ ಅಂಚಿನ ತುಂಬ ಏಡಿ, ದೋಣಿ, ಬಲೆ ಹೆಣೆಯುವ ಮುದುಕರು ತುಂಬಿಕೊಂಡಿದ್ದರು. ಕೆಳಗೆ ಕೆಂಪು ಶಾಯಿಯಲ್ಲಿ ಶಾಲೆಯವರ ಒಂದು ಸಾಲಿನ ಷರಾ ಇತ್ತು. ಅದನ್ನು ಓದಿ ನನಗೆ ಗಾಬರಿಯಾಯಿತು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ! ಬಣ್ಣದ ಪೆಟ್ಟಿಗೆ, ಕುಂಚ, ಚಿತ್ರದ ಪುಸ್ತಕ ಎಲ್ಲವನ್ನೂ ರಟ್ಟಿನ ಡಬ್ಬಿಯೊಂದಕ್ಕೆ ತುಂಬಿ ಅಟ್ಟಕ್ಕೆ ಹಾಕಿದೆ. ‘ಪರೀಕ್ಷೆಗಳೆಲ್ಲ ಮುಗಿಯಲಿ, ಆಮೇಲೆ ಎಷ್ಟು ಬೇಕಾದರೂ ಬರಿ’ ಎಂದೆ. ಅವಳು ಅಳಲಿಲ್ಲ, ಜಗಳವಾಡಲಿಲ್ಲ, ಅಟ್ಟದ ಕಡೆ ತಿರುಗಿಯೂ ನೋಡಲಿಲ್ಲ. ಅದನ್ನು ನಾನು ವಿಧೇಯತೆ ಎಂದುಕೊಂಡು ಸಮಾಧಾನಪಟ್ಟೆ.

ನಮ್ಮೂರು ಕಾರವಾರ. ಅಲ್ಲಿನ ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರು. ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಆರಂಭದಲ್ಲಿ, ಇಪ್ಪತ್ತೆರಡರ ಆಸುಪಾಸಿನ ತಮ್ಮ ಬಂದು ಉಳಿದಿದ್ದರು. ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಅಲ್ಲಿ ಬರೆದರು. ಆ ಮರಳಿನ ಮೇಲೆ ಕಡ್ಡಿಯಿಂದ ಗೀಚುತ್ತಲೇ ಮಗಳು ಚಿತ್ರ ಕಲಿತದ್ದು. ಯಜಮಾನರ ಎಲ್‌ಟಿಸಿಯಲ್ಲಿ ಕೊಲ್ಕತ್ತಾಕ್ಕೆ ಹೋದಾಗ, ನಮ್ಮ ಕಡಲತೀರದ ಯಜಮಾನನ ಊರನ್ನೂ ನೋಡಿ ಬರೋಣ ಎಂದು ಎರಡು ದಿನ ಬಿಡುವು ಮಾಡಿಕೊಂಡೆವು. ಅಷ್ಟೇ. ಶಿಕ್ಷಣದ ಬಗ್ಗೆ ಏನನ್ನಾದರೂ ಕಲಿಯಬೇಕೆಂದು ಹೊರಟವರಲ್ಲ ನಾವು.

ಕೆಂಪು ಮಣ್ಣಿನ ಊರು

ಬೋಲ್‌ಪುರದಲ್ಲಿ ಇಳಿದೊಡನೆ ಸುತ್ತಿಕೊಳ್ಳುವುದು ‘ಟೋಟೊ’ ಎಂದು ಅಲ್ಲಿನವರು ಕರೆಯುವ ಬ್ಯಾಟರಿ ರಿಕ್ಷಾಗಳು. ಪೇಟೆ ದಾಟುತ್ತಿದ್ದಂತೆ ಮಣ್ಣಿನ ಬಣ್ಣ ಕೆಂಪಾಗುತ್ತದೆ. ನಮ್ಮ ಕರಾವಳಿಯ ಮುರಕಲ್ಲಿನದೇ ಕೆಂಪು. ಮಳೆನೀರು ಕೊರೆದು ಕೊರಕಲು ಬಿದ್ದ ಈ ನೆಲವನ್ನು ಅವರು ‘ಖೋವಾಯಿ’ ಎನ್ನುತ್ತಾರೆ. ರವೀಂದ್ರರ ತಂದೆ ದೇವೇಂದ್ರನಾಥರು 1863ರಲ್ಲಿ ಇಲ್ಲಿ ಜಾಗ ಪಡೆದರು. ಅವರು ಧ್ಯಾನಕ್ಕೆ ಕುಳಿತರೆಂದು ತೋರಿಸುವ ಎಡೆಯಲ್ಲಿರುವುದು ‘ಛಾತಿಮ್’ ಮರ. ಹತ್ತಿರ ಹೋಗಿ ನೋಡಿದರೆ ಅದು ನಮ್ಮ ಹಾಲೆಮರವೇ! ಆಟಿ ಅಮಾವಾಸ್ಯೆಯಂದು ನಮ್ಮ ತೆಂಕಣ ಕರಾವಳಿಯಲ್ಲಿ ತೊಗಟೆ ಕೆತ್ತಿ ಕಹಿ ಕಷಾಯ ಮಾಡುವುದು ಇದರಿಂದಲೇ. ವಿಶ್ವಭಾರತಿಯ ಘಟಿಕೋತ್ಸವದಲ್ಲಿ ವಿದ್ಯಾರ್ಥಿಗಳ ಕೈಗೆ ಇದರ ಏಳೆಲೆಯ ಗೊಂಚಲು ಕೊಡುವ ಪದ್ಧತಿಯಿತ್ತು.

ಇಲ್ಲಿ ರವೀಂದ್ರರು ಶಾಲೆ ಶುರು ಮಾಡಿದ್ದು 1901ರ ಡಿಸೆಂಬರ್ 22ರಂದು. ವಿದ್ಯಾರ್ಥಿಗಳು ಐವರು, ಅವರಲ್ಲೊಬ್ಬ ಸ್ವಂತ ಮಗ ರಥೀಂದ್ರನಾಥ. ಹಣ ಸಾಲದೆ ಪುರಿಯಲ್ಲಿದ್ದ ಮನೆಯನ್ನು ಮಾರಿದರು, ಪತ್ನಿ ಮೃಣಾಲಿನಿ ದೇವಿಯವರ ಒಡವೆಗಳೂ ಹೋದವು. ಮರುವರ್ಷವೇ ಆಕೆ ತೀರಿಕೊಂಡರು. 1913ರಲ್ಲಿ ಬಂದ ನೊಬೆಲ್ ಬಹುಮಾನದ ಹಣವನ್ನು ತಮ್ಮ ಜಮೀನ್ದಾರಿಯ ರೈತರಿಗೆ ಸಾಲ ಕೊಡುವ ಪತಿಸರದ ಬ್ಯಾಂಕಿನಲ್ಲಿಟ್ಟು, ಬಡ್ಡಿ ಶಾಲೆಗೆ ಬರುವಂತೆ ಮಾಡಿದರು.

ಇಷ್ಟೆಲ್ಲ ಕಷ್ಟಪಟ್ಟು ಶಾಲೆ ಕಟ್ಟಿದ ಮನುಷ್ಯ ಸ್ವತಃ ಶಾಲೆಯೆಂದರೆ ಓಡುತ್ತಿದ್ದವರು ಎಂಬುದು ಸೋಜಿಗ. ಕೊಲ್ಕತ್ತಾದ ಒಂದಾದ ಮೇಲೊಂದು ಶಾಲೆಗೆ ಹಾಕಿದರೂ ಅವರು ನಿಲ್ಲಲಿಲ್ಲ. 1912ರಲ್ಲಿ ಪ್ರಕಟವಾದ ‘ಜೀವನಸ್ಮೃತಿ’ಯಲ್ಲಿ ಅವರು ಬಾಲ್ಯದ ಎರಡು ಸಂಗತಿಗಳನ್ನು ಹೇಳಿಕೊಂಡಿದ್ದಾರೆ. ಒಂದು, ಶಾಲೆಯ ಅನುಭವವಾದ ಮೇಲೆ ಅವರು ಮನೆಯ ಜಗಲಿಯ ಕಟಕಟೆಯ ಸರಳುಗಳನ್ನೇ ವಿದ್ಯಾರ್ಥಿಗಳೆಂದು ಭಾವಿಸಿ, ಕೈಯಲ್ಲಿ ಬೆತ್ತ ಹಿಡಿದು ಬಾರಿಸುತ್ತಿದ್ದರಂತೆ! ಮಕ್ಕಳು ಗುರುಗಳಿಂದ ಪಾಠಕ್ಕಿಂತ ಮುಂಚೆ ಏನನ್ನು ಕಲಿಯುತ್ತಾರೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಇನ್ನೊಂದು, ಶ್ಯಾಮ ಎಂಬ ಮನೆಯಾಳಿನದು. ಹುಡುಗನನ್ನು ನೋಡಿಕೊಳ್ಳುವ ತಾಪತ್ರಯವೇ ಬೇಡವೆಂದು ಅವನು ನೆಲದ ಮೇಲೆ ಸೀಮೆಸುಣ್ಣದಿಂದ ವೃತ್ತವೊಂದನ್ನು ಎಳೆದು, ಇದನ್ನು ದಾಟಿದರೆ ಅನಾಹುತವಾದೀತು ಎಂದು ಹೆದರಿಸಿ ಹೋಗುತ್ತಿದ್ದ. ಲಕ್ಷ್ಮಣರೇಖೆ ದಾಟಿದ ಸೀತೆಯ ಕಥೆ ಬಲ್ಲ ಹುಡುಗ ಗೆರೆಯೊಳಗೇ ಕುಳಿತು ಕಿಟಕಿಯಾಚೆಯ ಕೊಳವನ್ನೂ ಆಲದ ಮರವನ್ನೂ ನೋಡುತ್ತ ದಿನ ಕಳೆಯುತ್ತಿದ್ದ. ಇದನ್ನು ನಾನು ಓದಿದ್ದು ಶಾಂತಿನಿಕೇತನದ ಅತಿಥಿಗೃಹದಲ್ಲಿ, ರಾತ್ರಿ. ಓದಿ ಪುಸ್ತಕ ಮುಚ್ಚಿದೆ. ಪಕ್ಕದ ಮಂಚದಲ್ಲಿ ಮಗಳು ಮಲಗಿದ್ದಳು.

ಮಾವಿನ ತೋಪಿನ ತರಗತಿ

ಬಂಗಾಳದ ಏಪ್ರಿಲ್ ಬಿಸಿಲು ಒಂಬತ್ತು ಗಂಟೆಗೇ ನೆತ್ತಿ ಸುಡುತ್ತದೆ. ಬೆಳಗಿನ ತಂಪಿನಲ್ಲೇ ಹೊರಟೆವು. ಪಾಠ ನಡೆಯುವ ಹೊತ್ತಿನಲ್ಲಿ ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲ, ಬಿಡಬಾರದು ಕೂಡ. ಕಲಿಯುವ ಮಕ್ಕಳೇನು ಪ್ರದರ್ಶನದ ವಸ್ತುವೇ? ರಸ್ತೆಯಂಚಿನ ಬೇಲಿಯ ಹೊರಗೆ ನಿಂತು ಕಂಡಷ್ಟನ್ನು ಕಂಡೆವು.

ಮಾವಿನ ಮರಗಳ ಕೆಳಗೆ ಹಳದಿ ಸಮವಸ್ತ್ರದ ಮಕ್ಕಳು ಅರ್ಧಚಂದ್ರಾಕಾರವಾಗಿ ಕುಳಿತಿದ್ದರು. ಬೆಂಚಿಲ್ಲ. ಪ್ರತಿಯೊಬ್ಬರೂ ತಮ್ಮ ಪುಟ್ಟ ಆಸನವನ್ನು ತಾವೇ ಹೊತ್ತು ತಂದು ಹಾಸಿಕೊಂಡಿದ್ದರು. ಮರದ ಬುಡದ ಕಟ್ಟೆಯ ಮೇಲೆ ಅಧ್ಯಾಪಕಿ. ಅವರ ಧ್ವನಿ ನಮಗೆ ಕೇಳಿಸುತ್ತಿರಲಿಲ್ಲ. ಮಿಡಿಗಾಯಿಯೊಂದು ಪಟ್ಟೆಂದು ಉದುರಿತು. ಹತ್ತು ತಲೆಗಳು ಒಟ್ಟಿಗೆ ತಿರುಗಿದವು. ಅಧ್ಯಾಪಕಿಯ ತಲೆಯೂ ತಿರುಗಿತು. ಯಾರೂ ಯಾರನ್ನೂ ಗದರಲಿಲ್ಲ. ಪಾಠ ಮುಂದುವರಿಯಿತು. ಸಾಂಚಿಯ ತೋರಣವನ್ನು ನೆನಪಿಸುವ ಕಟ್ಟೆಯಲ್ಲಿ ತೂಗುಹಾಕಿದ ಗಂಟೆ ಬಾರಿಸಿದಾಗ ಎಲ್ಲರೂ ಆಸನ ಕೊಡವಿ ಮಡಚಿಕೊಂಡು ಇನ್ನೊಂದು ಮರದ ಕಡೆ ನಡೆದರು.

ಇದನ್ನು ನೋಡಿ ‘ಓ, ಎಷ್ಟು ಚೆಂದ, ಕಟ್ಟುನಿಟ್ಟೇ ಇಲ್ಲ’ ಎಂದುಕೊಂಡರೆ ತಪ್ಪಾದೀತು. ಗಂಟೆಯಿದೆ, ವೇಳಾಪಟ್ಟಿಯಿದೆ. ಆರಂಭದ ದಿನಗಳಲ್ಲಂತೂ ನಸುಕಿನಲ್ಲಿ ಏಳುವುದು, ತಣ್ಣೀರ ಸ್ನಾನ, ತಮ್ಮ ಕೆಲಸ ತಾವೇ ಮಾಡಿಕೊಳ್ಳುವುದು, ಹೀಗೆ ದಿನಚರಿ ಬಿಗಿಯಾಗಿಯೇ ಇತ್ತು. ಇಲ್ಲದಿದ್ದದ್ದು ಗೋಡೆ. ಮಗುವಿನ ಗಮನ ಹೊರಗೆ ಹೋಗುವುದೇ ಅಪರಾಧ ಎಂಬ ಭಾವನೆ ಇರಲಿಲ್ಲ. ಹೊರಗೆ ಹೋದ ಗಮನ ಏನನ್ನಾದರೂ ಹೊತ್ತು ತಂದೀತು ಎಂಬ ನಂಬಿಕೆ ಇತ್ತು.

ತಂದದ್ದನ್ನು ಕೇಳುವವರೂ ಇದ್ದರು ಎಂಬುದು ಇನ್ನೂ ಮುಖ್ಯ. ಇಲ್ಲಿನ ಮಕ್ಕಳು ತಾವು ಬರೆದ ಕವಿತೆ, ಕಥೆಗಳನ್ನು ಎಲ್ಲರೆದುರು ಓದುವ ಸಾಹಿತ್ಯ ಸಭೆಯ ಸಂಪ್ರದಾಯ ಬಹಳ ಹಳೆಯದು. ಮೊದಲಿನಿಂದಲೂ ಮಕ್ಕಳ ಕೈಬರಹದ ಪತ್ರಿಕೆಗಳಿದ್ದವು. ನೆನಪು ಮಾಡಿಕೊಳ್ಳಿ, ನಮ್ಮ ಎಷ್ಟೋ ಕನ್ನಡ ಶಾಲೆಗಳಲ್ಲೂ ಅಂಥ ಕೈಬರಹದ ಪತ್ರಿಕೆ ಇರುತ್ತಿತ್ತು. ಅಂದದ ಅಕ್ಷರದವನು ಬರೆಯುವುದು, ಚಿತ್ರ ಬಲ್ಲವಳು ಹೂಬಳ್ಳಿ ಬಿಡಿಸುವುದು, ಉಳಿದವರು ಸುತ್ತ ನಿಂತು ಸಲಹೆ ಕೊಡುವುದು! ಅದಕ್ಕೆ ಬಹುಮಾನವಿರಲಿಲ್ಲ, ಅಂಕವಿರಲಿಲ್ಲ. ಓದುವವರಿದ್ದರು, ಅಷ್ಟು ಸಾಕಿತ್ತು.

ಈ ಶಾಲೆಯಲ್ಲೇ ಓದಿದ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಒಂದು ತಮಾಷೆಯ ಪ್ರಸಂಗವನ್ನು ನೆನೆದಿದ್ದಾರೆ. ಸಹಪಾಠಿಯೊಬ್ಬಳ ಬಗ್ಗೆ ಅಧ್ಯಾಪಕರೊಬ್ಬರು ಹೇಳಿದ ಮಾತಿನ ಸಾರ ಇದು: ಅಂಕಗಳು ಬಹಳ ಚೆನ್ನಾಗಿ ಬಂದಿದ್ದರೂ ಆ ಹುಡುಗಿ ಗಂಭೀರವಾಗಿಯೇ ಯೋಚಿಸಬಲ್ಲವಳು! ನಮ್ಮಲ್ಲಿ ಯಾವ ಅಧ್ಯಾಪಕರಾದರೂ ಪೋಷಕರ ಸಭೆಯಲ್ಲಿ ಇಂಥ ಮಾತಾಡಿದರೆ ನಾವು ಸುಮ್ಮನಿರುತ್ತೇವೆಯೇ?

ಕಾಣದ ಕಣ್ಣಿನ ಹುಡುಗ

ಮಧ್ಯಾಹ್ನ ಕಲಾಭವನದ ಕಡೆ ಹೋದೆವು. 1919ರಲ್ಲಿ ಆರಂಭವಾದ ಇದನ್ನು ಬೆಳೆಸಿದವರು ನಂದಲಾಲ್ ಬಸು. ನಮ್ಮ ಸಂವಿಧಾನದ ಮೂಲಪ್ರತಿಯ ಪುಟಗಳನ್ನು ಚಿತ್ರಗಳಿಂದ ಅಲಂಕರಿಸಿದವರು ಅವರೂ ಅವರ ಶಿಷ್ಯರೂ. ಆವರಣದಲ್ಲಿ ಮಣ್ಣು, ಡಾಂಬರು ಬಳಸಿ ಕಟ್ಟಿದ ‘ಕಾಲೊ ಬಾಡಿ’ ಎಂಬ ಕರಿಮನೆಯಿದೆ. ಗೋಡೆಯ ತುಂಬ ಗುರುಶಿಷ್ಯರು ಸೇರಿ ಮೂಡಿಸಿದ ಉಬ್ಬುಚಿತ್ರಗಳು. ಅದು ವಸ್ತುಸಂಗ್ರಹಾಲಯವಲ್ಲ, ವಿದ್ಯಾರ್ಥಿಗಳ ವಸತಿಗೆಂದು ಕಟ್ಟಿದ ಮನೆ!

ಸ್ವಲ್ಪ ಮುಂದೆ ಬಯಲಿನಲ್ಲಿ ರಾಮ್‌ಕಿಂಕರ್ ಬೈಜ್ 1938ರಲ್ಲಿ ಮಾಡಿದ ಸಂತಾಲ ಕುಟುಂಬದ ಶಿಲ್ಪ. ಅಮೃತಶಿಲೆಯೂ ಅಲ್ಲ, ಕಂಚೂ ಅಲ್ಲ. ಸಿಮೆಂಟು ಮತ್ತು ಅಲ್ಲೇ ಸಿಗುವ ಮುರಕಲ್ಲಿನ ಹರಳು. ಕಾವಡಿಯ ಬುಟ್ಟಿಯಲ್ಲಿ ಮಗುವನ್ನು ಕೂರಿಸಿಕೊಂಡು, ಮನೆಸಾಮಾನು ಹೊತ್ತು, ನಾಯಿಯೊಡನೆ ಕೆಲಸ ಹುಡುಕಿ ಹೊರಟ ಬಡ ಸಂಸಾರ. ದುಬಾರಿ ಸಾಮಗ್ರಿ ಇಲ್ಲದೆ ಕಲೆ ಹೇಗೆ ಎಂದು ಕೇಳುವವರು ಒಮ್ಮೆ ಇದರೆದುರು ನಿಲ್ಲಬೇಕು. ನಮ್ಮ ಅಂಗಳದಲ್ಲಿ ಬಿದ್ದಿರುವಂಥದೇ ಕಲ್ಲು ಅದು.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಬ್ಬರ ಕಥೆ. ವಿನೋದ್ ಬಿಹಾರಿ ಮುಖರ್ಜಿ ಹುಟ್ಟಿನಿಂದಲೇ ದೃಷ್ಟಿದೋಷವುಳ್ಳವರು. ಒಂದು ಕಣ್ಣು ಕಾಣದು, ಇನ್ನೊಂದು ಮಂದ. ಸಾಮಾನ್ಯ ಶಾಲೆಗಳಲ್ಲಿ ಓದು ಸಾಗದ ಆ ಹುಡುಗ 1917ರಲ್ಲಿ ಶಾಂತಿನಿಕೇತನಕ್ಕೆ ಬಂದ. ಸರಿಯಾಗಿ ಕಣ್ಣೇ ಕಾಣದವನು ಚಿತ್ರ ಕಲಿಯುತ್ತೇನೆಂದರೆ ನಾವೇನು ಹೇಳುತ್ತಿದ್ದೆವು? ಇಲ್ಲಿ ಅವನನ್ನು ಕಲಾಭವನಕ್ಕೆ ಸೇರಿಸಿಕೊಂಡರು. 1946-47ರಲ್ಲಿ ಅವರು ಹಿಂದಿ ಭವನದ ಗೋಡೆಗಳ ಮೇಲೆ ಮಧ್ಯಯುಗದ ಸಂತರ ದೊಡ್ಡ ಭಿತ್ತಿಚಿತ್ರ ಬರೆದರು. ರಾಮಾನುಜ, ಕಬೀರ, ಸೂರದಾಸ, ತುಳಸೀದಾಸರು ಜನಜಂಗುಳಿಯ ನಡುವೆ ನದಿಯಂತೆ ಹರಿಯುತ್ತಾರೆ. 1950ರ ದಶಕದಲ್ಲಿ ಅವರಿಗೆ ಪೂರ್ತಿ ಕುರುಡಾಯಿತು. ಆಮೇಲೂ ನಿಲ್ಲಿಸಲಿಲ್ಲ. ಬೆರಳಿನಿಂದ ತಡವಿ ಕಾಗದ ಕತ್ತರಿಸಿ ಅಂಟಿಸಿದರು, ಕಲಾಭವನದ ಗೋಡೆಗೆ ಹೆಂಚುಬಿಲ್ಲೆಗಳ ಚಿತ್ರ ಮಾಡಿದರು. ಅವರ ಶಿಷ್ಯರಾಗಿದ್ದ ಸತ್ಯಜಿತ್ ರಾಯ್ 1972ರಲ್ಲಿ ಗುರುವಿನ ಮೇಲೊಂದು ಸಾಕ್ಷ್ಯಚಿತ್ರ ತೆಗೆದರು. ಅದರ ಹೆಸರಿನ ಅರ್ಥವೇ ಒಳಗಣ್ಣು.

ಕಲ್ಪನೆ ಎಂಬುದು ಕೆಲವು ಮಕ್ಕಳಿಗಷ್ಟೇ ದೇವರು ಕೊಟ್ಟ ವರ ಎಂದು ನಾನು ತಿಳಿದಿದ್ದೆ. ಅಲ್ಲ, ಅದು ಹೊಗಗೊಟ್ಟರೆ ಒಳಬರುವ ಗಾಳಿ. ಯಾವ ಬಾಗಿಲಲ್ಲಿ ಬಂದೀತೆಂದು ಮೊದಲೇ ಹೇಳಲಾಗದು. ಬಾಗಿಲು ಹಾಕದಿರುವುದಷ್ಟೇ ದೊಡ್ಡವರ ಕೆಲಸ.

ಕಾಟು ಹೊಡೆದ ಪದಗಳು

ಮರುದಿನ ಉತ್ತರಾಯಣದ ಮ್ಯೂಸಿಯಂ. ನೊಬೆಲ್ ಪದಕ 2004ರಲ್ಲಿ ಇಲ್ಲಿಂದ ಕಳುವಾಯಿತು; ಆಮೇಲೆ ನೊಬೆಲ್ ಪ್ರತಿಷ್ಠಾನ ಪ್ರತಿರೂಪ ಮಾಡಿಕೊಟ್ಟಿತು. ಜನ ಅದರ ಸುತ್ತ ಮುತ್ತಿಕೊಂಡಿದ್ದರು. ಮಗಳು ಮಾತ್ರ ಬೇರೊಂದು ಗಾಜಿನ ಪೆಟ್ಟಿಗೆಯೆದುರು ನಿಂತಳು. ಒಳಗೆ ರವೀಂದ್ರರ ಹಸ್ತಪ್ರತಿಯ ಪುಟವೊಂದರ ಪ್ರತಿ. ಕವಿತೆ ತಿದ್ದುವಾಗ ಬೇಡವಾದ ಪದಗಳನ್ನು ಅವರು ಬರೀ ಕಾಟು ಹೊಡೆದು ಬಿಟ್ಟಿರಲಿಲ್ಲ. ಒಂದು ಕಾಟಿನಿಂದ ಇನ್ನೊಂದು ಕಾಟಿಗೆ ಗೆರೆ ಎಳೆದು, ಅದು ಕೊಕ್ಕಾಗಿ, ರೆಕ್ಕೆಯಾಗಿ, ಹೆಸರಿಲ್ಲದ ಪ್ರಾಣಿಯಾಗಿ ಬೆಳೆದಿತ್ತು. ಅರವತ್ತು ದಾಟಿದ ಮೇಲೆ ಹೀಗೆ ತಪ್ಪುಗಳಿಂದಲೇ ಅವರು ಚಿತ್ರಕಲೆಗೆ ಇಳಿದರು. 1930ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನವೂ ಆಯಿತು.

‘ಅಮ್ಮಾ, ಇದು ತಪ್ಪು ಬರೆದದ್ದಲ್ವಾ?’ ಎಂದಳು.

‘ಹೌದು’ ಎಂದೆ.

‘ಅಂಚಲ್ಲೇ ಬರ್ದಿದ್ದಾರೆ’ ಎಂದಳು. ಅಷ್ಟೇ. ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ಆ ಇಡೀ ಸಂಜೆ ಆ ಕೆಂಪು ಶಾಯಿಯ ಷರಾ ನನ್ನ ಕಣ್ಣಮುಂದಿತ್ತು. ಅದನ್ನು ಬರೆದವರ ಮೇಲೆ ನನಗೇನೂ ಸಿಟ್ಟಿಲ್ಲ. ಐವತ್ತು ಅರವತ್ತು ಮಕ್ಕಳ ಪುಸ್ತಕ ತಿದ್ದುವವರಿಗೆ ಏಡಿಯ ಕಾಲು ಎಣಿಸುವ ಪುರಸೊತ್ತು ಎಲ್ಲಿಂದ ಬರಬೇಕು? ಷರಾ ಒಂದು ಪುಟದ ಮೇಲಿತ್ತು. ಅದನ್ನು ಇಡೀ ಡಬ್ಬಿಯ ಮೇಲೆ ಎಳೆದವಳು ನಾನು.

ಟೋಟೊದವನ ಪ್ರಶ್ನೆ

ಶಾಂತಿನಿಕೇತನ ಸ್ವರ್ಗವೆಂದು ಬರೆದುಬಿಟ್ಟರೆ ಸುಳ್ಳಾಗುತ್ತದೆ. ನಮ್ಮನ್ನು ನಿಲ್ದಾಣಕ್ಕೆ ಕರೆತಂದ ಟೋಟೊದವನು ಹರಕು ಹಿಂದಿಯಲ್ಲಿ ಮಾತಿಗೆ ಎಳೆದ. ಅವನ ಮಗ ಎಂಟನೇ ತರಗತಿ. ಸಂಜೆ ಎರಡು ಕಡೆ ಟ್ಯೂಷನ್. ‘ಮರದ ಕೆಳಗೆ ಕೂತರೆ ನೌಕರಿ ಯಾರು ಕೊಡ್ತಾರೆ ದೀದಿ?’ ಎಂದು ಕೇಳಿದ. ಉತ್ತರ ಹೊಳೆಯಲಿಲ್ಲ. ಅದು ನನ್ನದೇ ಪ್ರಶ್ನೆಯಾಗಿತ್ತು.

ರವೀಂದ್ರರನ್ನೂ ಈ ಪ್ರಶ್ನೆ ಬಿಡಲಿಲ್ಲ. ಪೋಷಕರಿಗೆ ಮೆಟ್ರಿಕ್ಯುಲೇಷನ್ ಬೇಕಿತ್ತು. ಮನಸ್ಸಿಲ್ಲದಿದ್ದರೂ ಶಾಲೆ ತನ್ನ ಮಕ್ಕಳನ್ನು ಕಲ್ಕತ್ತಾ ವಿಶ್ವವಿದ್ಯಾಲಯದ ಆ ಪರೀಕ್ಷೆಗೆ ಸಿದ್ಧಗೊಳಿಸಲೇಬೇಕಾಯಿತು. ಕೊನೆಗೆ, ಪರೀಕ್ಷೆಯ ನಿರೀಕ್ಷೆಯಿಲ್ಲದ ಹಳ್ಳಿಯ ಬಡಮಕ್ಕಳಿಗಾಗಿ 1924ರಲ್ಲಿ ‘ಶಿಕ್ಷಾಸತ್ರ’ ಎಂಬ ಬೇರೆಯೇ ಶಾಲೆ ತೆರೆದರು. ಕೈಕಸುಬು, ತೋಟಗಾರಿಕೆ, ಹಾಡುಗಳ ಮೂಲಕ ಕಲಿಸುವ ಪ್ರಯೋಗ ಅದು. ಅಂದರೆ, ನೂರು ವರ್ಷಗಳ ಹಿಂದೆಯೂ ನಾವು ಪೋಷಕರು ಹೀಗೆಯೇ ಇದ್ದೆವು!

ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ 1989ರಲ್ಲಿ ರಾಜ್ಯಸಭೆಯಲ್ಲಿ ಮಾತಾಡಿದ್ದು ಮಕ್ಕಳ ಬೆನ್ನಿನ ಪಾಟೀಚೀಲದ ಭಾರದ ಬಗ್ಗೆ. ಆಟಕ್ಕೂ ಕನಸಿಗೂ ಹೊತ್ತಿಲ್ಲದ ಬಾಲ್ಯದ ಬಗೆಗಿನ ಆ ಕಳಕಳಿ ದೇಶದಲ್ಲಿ ಚರ್ಚೆ ಎಬ್ಬಿಸಿತು. ಮುಂದೆ ವಿಜ್ಞಾನಿ ಯಶಪಾಲ್ ಅವರ ಸಮಿತಿ 1993ರಲ್ಲಿ ಹೊರೆಯಿಲ್ಲದ ಕಲಿಕೆಯ ಬಗ್ಗೆ ವರದಿ ಕೊಟ್ಟಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆರಂಭವಾಗುವುದೇ ರವೀಂದ್ರರ ಮಾತಿನಿಂದ. ಕಾಗದದ ಮೇಲೆ ನಾವು ಬಹಳ ದೂರ ಬಂದಿದ್ದೇವೆ. ಅಟ್ಟದ ಮೇಲಿನ ಡಬ್ಬಿ ಮಾತ್ರ ಅಲ್ಲೇ ಇದೆ.

ಎಲ್ಲ ಊರಿನಲ್ಲೂ ಮಾವಿನ ತೋಪು ಬೆಳೆಸಲಾಗದು, ನಿಜ. ಆದರೆ ಅಲ್ಲಿಂದ ಕಟ್ಟಿಕೊಂಡು ಬರಬಹುದಾದದ್ದೂ ಇದೆ. ದಿನಕ್ಕೆ ಒಂದು ಗಂಟೆ ಮಗುವಿಗೆ ಯಾವ ತರಗತಿಯೂ ಇಲ್ಲದ ಬಿಡುವು ಕೊಡಿ. ‘ಸಮ್ಮರ್ ಕ್ಯಾಂಪ್’ ಎಂದು ಅದನ್ನೂ ತುಂಬಬೇಡಿ. ಬರೆದದ್ದನ್ನು, ಬಿಡಿಸಿದ್ದನ್ನು ಕೇಳಲು ನೋಡಲು ಯಾರಾದರೊಬ್ಬರಿರಲಿ. ಸ್ಪರ್ಧೆಗೆ ಕಳಿಸುವುದು ಆಮೇಲೆ. ಅಂಚಿನ ಚಿತ್ರಕ್ಕೆ ಒಂದು ಪ್ರತ್ಯೇಕ ಪುಸ್ತಕ ಕೊಡಿ. ಶಿಕ್ಷಕರೇ, ತಿಂಗಳಿಗೊಂದು ಕೈಬರಹದ ಪತ್ರಿಕೆಗೆ ಬೇಕಾದದ್ದು ಹತ್ತು ಹಾಳೆ, ಒಂದು ದಾರ. ವಿದ್ಯಾರ್ಥಿಗಳೇ, ನೀವೂ ಕೇಳಿ: ಶಾಲೆಯವರು ಮಾಡಲಿ ಎಂದು ಕಾಯಬೇಡಿ, ಆ ಹಾಳೆ ದಾರ ನಿಮ್ಮ ಕೈಗೂ ಸಿಗುತ್ತದೆ.

ಕಿಟಕಿಯ ಹುಡುಗ

ಈ ಊರಿನಲ್ಲಿದ್ದಾಗಲೇ, 1911ರಲ್ಲಿ, ರವೀಂದ್ರರು ‘ಡಾಕ್‌ಘರ್’ ನಾಟಕ ಬರೆದರು. ಅಮಲ್ ಎಂಬ ಕಾಯಿಲೆಯ ಹುಡುಗನನ್ನು ವೈದ್ಯನ ಅಪ್ಪಣೆಯಂತೆ ಮನೆಯೊಳಗೇ ಇರಿಸಲಾಗಿದೆ. ಅವನು ಕಿಟಕಿಯಲ್ಲಿ ಕುಳಿತು ಮೊಸರು ಮಾರುವವನೊಡನೆ, ಕಾವಲುಗಾರನೊಡನೆ ಮಾತಾಡುತ್ತ ಹೊರಗಿನ ಲೋಕವನ್ನೆಲ್ಲ ಕಲ್ಪಿಸಿಕೊಳ್ಳುತ್ತಾನೆ. ರಾಜನಿಂದ ತನಗೊಂದು ಕಾಗದ ಬರುತ್ತದೆಂದು ಕಾಯುತ್ತಾನೆ. ನಾಟಕದಲ್ಲಿ ಅವನನ್ನು ಕೂಡಿಹಾಕಿದ ಮಾಧವ ದತ್ತ ಕೆಟ್ಟವನಲ್ಲ. ಸಾಕುಮಗನನ್ನು ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸುವವನು. ಅವನ ಒಳ್ಳೆಯದಕ್ಕೇ ಕಿಟಕಿ ಮುಚ್ಚಬೇಕೆನ್ನುವವನು.

ಈ ನಾಟಕವನ್ನು 1942ರ ಜುಲೈ 18ರಂದು, ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾದ ಘೆಟ್ಟೊದಲ್ಲಿ, ಯಾನುಶ್ ಕೊರ್ಚಾಕ್ ಎಂಬ ವೈದ್ಯರ ಅನಾಥಾಲಯದ ಮಕ್ಕಳು ಆಡಿದರು. ಆಗಸ್ಟ್ ಮೊದಲ ವಾರದಲ್ಲಿ ಆ ಮಕ್ಕಳನ್ನೂ ಅವರ ಜೊತೆ ಬಿಡದೆ ಹೊರಟ ಕೊರ್ಚಾಕರನ್ನೂ ಟ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಸಾಗಿಸಲಾಯಿತು. ಕಲ್ಪನೆ ಎಂಬುದು ಓದು ಮುಗಿದ ಮೇಲಿನ ವಿನೋದ ಎನ್ನುವವರು ಆ ಸಂಜೆಯನ್ನು ನೆನೆಯಬೇಕು. ಎಲ್ಲ ಬಾಗಿಲುಗಳೂ ಮುಚ್ಚಿದ್ದಾಗ ಆ ಮಕ್ಕಳಿಗೆ ಉಳಿದಿದ್ದದ್ದು ಅದೊಂದೇ.

ಹಿಂದಿರುಗುವ ರೈಲಿನಲ್ಲಿ ಮಗಳು ನನ್ನ ಪೆನ್ನು ಕೇಳಿದಳು. ಮಂಡಕ್ಕಿ ತಿಂದ ಕಾಗದದ ಪೊಟ್ಟಣವನ್ನು ಬಿಡಿಸಿ, ತೊಡೆಯ ಮೇಲೆ ನೀಟಾಗಿ ಹರಡಿ ಏನನ್ನೋ ಗೀಚತೊಡಗಿದಳು. ನಾನು ಇಣುಕಲಿಲ್ಲ. ಊರಿಗೆ ಬಂದ ದಿನವೇ ಡಬ್ಬಿಯನ್ನು ಕೆಳಗಿಳಿಸಿದೆ. ಬಣ್ಣದ ಕೊಳವೆಗಳು ಒಣಗಿ ಕಲ್ಲಾಗಿದ್ದವು. ಹೊಸದು ತಂದೆವು.

ಇದಾಗಿ ಹಲವು ವರ್ಷಗಳಾದವು. 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ಶಾಂತಿನಿಕೇತನವನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಹೋಗುವವರು ಪ್ರವೇಶದ ದಿನ, ವೇಳೆಗಳನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಅಲ್ಲಿ ವಾರದ ರಜೆ ಸಾಂಪ್ರದಾಯಿಕವಾಗಿ ಭಾನುವಾರವಲ್ಲ, ಬುಧವಾರ.

ಚಿತ್ರ ಬಿಡಿಸಿದ್ದರಿಂದ ಮಗಳ ಅಂಕ ಹೆಚ್ಚಿತೆಂದು ನಾನು ಹೇಳಲಾರೆ, ಕಡಿಮೆಯೂ ಆಗಲಿಲ್ಲ. ಅವಳು ಕಲಾವಿದೆಯಾಗಲಿಲ್ಲ, ವಾಣಿಜ್ಯ ಓದಿದಳು. ಈಗಲೂ ಬರೆಯುತ್ತಾಳೆ. ಅವಳ ಚಿತ್ರಗಳನ್ನೆಲ್ಲ ನಾನು ವರ್ಷವಾರು ಜೋಡಿಸಿಟ್ಟಿದ್ದೇನೆ. ನಾಲ್ಕನೇ ವಯಸ್ಸಿನ ಮೂಗಿಲ್ಲದ ಬೆಕ್ಕಿನಿಂದ ಹಿಡಿದು ಎಲ್ಲವೂ ಇವೆ. ಮಂಡಕ್ಕಿಯ ಪೊಟ್ಟಣದ ಮೇಲಿನ ಬಾವುಲ ಗಾಯಕನೂ ಇದ್ದಾನೆ, ಎಣ್ಣೆಯ ಕಲೆಯ ಸಮೇತ. ಅವನ ಹಿಂದಿನ ಹತ್ತು ತಿಂಗಳ ಜಾಗದಲ್ಲಿ ಮಾತ್ರ ಒಂದು ಹಾಳೆಯೂ ಇಲ್ಲ. ಆ ಹತ್ತು ತಿಂಗಳಲ್ಲಿ ಅವಳು ಏನೇನು ಕಂಡಿದ್ದಳೋ, ಏನೇನು ಬರೆಯುತ್ತಿದ್ದಳೋ, ಇನ್ನು ಅವಳಿಗೂ ಗೊತ್ತಿಲ್ಲ.